ಮೊದಲ ಎರಡು ಬಕೆಟ್

ಮಠದಲ್ಲಿ ಒಂದು ಗಂಭೀರ ಸುದ್ದಿ ಹಬ್ಬಿತ್ತು. ಮರಿದೇವನೆಂಬ ಶಿಷ್ಯ ಮೂರು ದಿನದಿಂದ ಊಟದ ಪಂಕ್ತಿಯಲ್ಲಿ ಕೈ ಮುಗಿಯದೆ ತುತ್ತೆತ್ತುತ್ತಿದ್ದ. ಇದನ್ನು ಮೊದಲು ಕಂಡವನು ಸಾರು ಬಡಿಸುವವನು. ಅವನು ಉಗ್ರಾಣದವನಿಗೆ ಹೇಳಿದ. ಉಗ್ರಾಣದವನು ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು ಹೋಗಿ ಗುರುಗಳಿಗೆ ಅರಿಕೆ ಮಾಡಿದ. ನಾಲ್ಕನೆಯ ದಿನ ಮಧ್ಯಾಹ್ನ ಗುರುಗಳು ಮರಿದೇವನನ್ನು ಕರೆಸಿದರು.

ಮರಿದೇವ ಅಡ್ಡಬಿದ್ದು ಎದ್ದ. ಗುರುಗಳು ಬಾಯಿ ತೆರೆಯುವ ಮೊದಲೇ ತಾನೇ ಕೇಳಿದ.

"ಬುದ್ಧಿ, ನಾನು ಯಾರಿಗೆ ಕೈ ಮುಗಿಯಬೇಕು?"

ಗುರುಗಳು ಮುಂದೆ ಹೇಳೆಂದು ಕೈ ಸನ್ನೆ ಮಾಡಿದರು.

"ಅಕ್ಕಿ ಭಕ್ತರು ಕೊಟ್ಟದ್ದು ನಿಜ. ಆದರೆ ಕೊಟ್ಟದ್ದು ಮಠಕ್ಕೆ, ನನಗಲ್ಲ. ನನ್ನ ಎಲೆ ನಾನೇ ಎತ್ತುತ್ತೇನೆ. ನನ್ನ ಬಟ್ಟೆ ನಾನೇ ಒಗೆಯುತ್ತೇನೆ. ಬೆಳಿಗ್ಗೆ ಐದಕ್ಕೆ ಪೂಜೆಗೆ ಏಳಲು ಬೇರೆಯವರಿಗೆ ಅಲಾರಂ ಬೇಕು. ನನಗೆ ಬೇಡ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಯಾರೂ ನನಗೆ ಏನೂ ಮಾಡಿಲ್ಲವೆಂದ ಮೇಲೆ ಸುಮ್ಮನೆ ಕೈ ಮುಗಿದರೆ ಅದು ನಾಟಕವಾಗುವುದಿಲ್ಲವೇ?"

"ನಾಟಕ ಬೇಡ," ಎಂದರು ಗುರುಗಳು. "ಇಲ್ಲಿ ಏನಾದರೂ ತೊಂದರೆ ಇದೆಯೇ?"

"ಒಂದೇ ಒಂದು ಬುದ್ಧಿ. ಅಡುಗೆಯ ಪುಟ್ಟನಂಜಮ್ಮಜ್ಜಿ ಬೆಳಿಗ್ಗೆ ನೀರು ತರುವಾಗ ಕೊಡಪಾನವನ್ನು ನನ್ನ ಕಿಟಕಿಯ ಕೆಳಗೇ ದಬಕ್ಕನೆ ಕುಕ್ಕುತ್ತಾಳೆ. ಅದೂ ನಾನು ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ. ಮಠಕ್ಕೆ ಇಷ್ಟು ದೊಡ್ಡ ಅಂಗಳವಿದೆ. ಬೇರೆ ಕಡೆ ಇಟ್ಟರೆ ಆಗುವುದಿಲ್ಲವೇ?"

ಗುರುಗಳು ಇದನ್ನು ಬಹಳ ಮುಖ್ಯವಾದ ವಿಷಯವೆಂಬಂತೆ ಕೇಳಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಉಗ್ರಾಣದವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಆಮೇಲೆ ಮರಿದೇವನಿಗೆ ಕುಳಿತುಕೊಳ್ಳಲು ಹೇಳಿ ಕತೆ ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಮನೆಯಲ್ಲಿ ಮೂವರು. ಅವನು, ಅವನ ಹೆಂಡತಿ, ಅವನ ಅಕ್ಕ. ಅಕ್ಕ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹಳೆಯ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲ ಒಲೆಗೆ ಬೆಂಕಿ ಹಾಕಿ, ಹಂಡೆಯ ನೀರು ಕಾಯಿಸುತ್ತಿದ್ದವಳು ಅವಳೇ. ನೀರು ಕಾಯುವುದರೊಳಗೆ ಬೀದಿ ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಿದ್ದಳು.

ವರ್ತಕ ಮೂರಂತಸ್ತಿನ ಹೊಸ ಮನೆ ಕಟ್ಟಿಸಿದ. ಅದರಲ್ಲಿ ಬಚ್ಚಲ ಒಲೆ ಇರಲಿಲ್ಲ. ತಾರಸಿಯ ಮೇಲೆ ಸೋಲಾರ್ ಕೂರಿಸಿದ. ಹಂಡೆಯನ್ನು ಮೆಟ್ಟಿಲ ಕೆಳಗೆ ಬೋರಲು ಹಾಕಿದರು.

ಮೊದಲ ದಿನ ವರ್ತಕ ನಲ್ಲಿ ತಿರುಗಿಸಿ, ಚೊಂಬು ತುಂಬಿಕೊಂಡು, ನಂಬಿಕೆಯಿಂದ ನೆತ್ತಿಯ ಮೇಲೆ ಸುರಿದುಕೊಂಡ. ನೀರು ಮಂಜಿನಂತಿತ್ತು. ಅವನ ಕೂಗು ಎದುರು ಮನೆಯವರಿಗೂ ಕೇಳಿಸಿತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನದಿಂದ ನೀರು ಬಿಸಿಯಾಗಿ ಬರತೊಡಗಿತು. ನಲ್ಲಿ ತಿರುಗಿಸಿದ ಕ್ಷಣವೇ ಹೊಗೆಯಾಡುವ ನೀರು. ಹೊಸ ಯಂತ್ರ, ಮನೆಗೆ ಹೊಂದಿಕೊಳ್ಳಲು ಎರಡು ದಿನ ತೆಗೆದುಕೊಂಡಿತು ಎಂದು ವರ್ತಕ ತೀರ್ಮಾನಿಸಿದ.

ಅಂದಿನಿಂದ ಅವನಿಗೆ ಆ ಯಂತ್ರದ ಮೇಲೆ ವಿಶೇಷ ಭಕ್ತಿ. ಅಂಗಡಿಯಲ್ಲಿ ಪಂಚೆ ಅಳೆಯುತ್ತ ಗಿರಾಕಿಗಳಿಗೆ ಅದರ ಗುಣಗಾನ ಮಾಡುತ್ತಿದ್ದ. ಎದುರು ಮನೆಯವರೂ ಅಂಥದೇ ಯಂತ್ರ ಹಾಕಿಸಿದ್ದರು. ಅವರಿಗೆ ಮೊದಲು ಬರುತ್ತಿದ್ದುದು ತಣ್ಣೀರು. ಏನು ಕಾರಣವೆಂದು ಅವರು ಕೇಳಿದಾಗ ವರ್ತಕ, "ನೀವು ಅದನ್ನು ಮರ್ಯಾದೆಯಿಂದ ನೋಡಿಕೊಳ್ಳುತ್ತಿಲ್ಲ," ಎಂದ. ತಾನು ನೋಡಿಕೊಳ್ಳುತ್ತಿದ್ದ. ಆಯುಧಪೂಜೆಯ ದಿನ ಅಂಗಡಿಯ ಕತ್ತರಿ, ಅಳತೆಗೋಲುಗಳಿಗೆ ಕುಂಕುಮ ಇಟ್ಟ ಮೇಲೆ, ಮಂಡಿನೋವನ್ನೂ ಲೆಕ್ಕಿಸದೆ ತಾರಸಿ ಹತ್ತಿ, ಟ್ಯಾಂಕಿಗೆ ಚೆಂಡುಹೂವಿನ ಹಾರ ಹಾಕಿ, ಕರ್ಪೂರ ಬೆಳಗಿ, ಬೂದುಗುಂಬಳಕಾಯಿ ಒಡೆದು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಅಕ್ಕ ಕೆಳಗಿನಿಂದ ಹಾರ ಎತ್ತಿಕೊಡುತ್ತಿದ್ದಳು.

ಹೀಗೆ ಹೊಸ ಮನೆಯಲ್ಲಿ ಆರು ವರ್ಷ ಕಳೆಯಿತು. ಮಂಡಿನೋವು ಹೆಚ್ಚಾಯಿತು. ವರ್ತಕ ಮಹಡಿಯ ಕೋಣೆ ಬಿಟ್ಟು ನೆಲಮಹಡಿಯ ಕೋಣೆಯಲ್ಲಿ ಮಲಗತೊಡಗಿದ. ತಾರಸಿಯಿಂದ ಬಿಸಿನೀರಿನ ಕಬ್ಬಿಣದ ಪೈಪು ಇಳಿದಿದ್ದುದು ಅದೇ ಕೋಣೆಯ ಗೋಡೆಯ ಮೇಲೆ. ಮೊದಲ ಬೆಳಗಿನಲ್ಲೇ, ಐದು ಗಂಟೆಯ ಸುಮಾರಿಗೆ, ಪೈಪು ಶಬ್ದ ಮಾಡಿತು. ಮೊದಲು ಟಕ್, ಟಕ್ ಎಂದು. ಆಮೇಲೆ ಯಾರೋ ಗೋಡೆಗೆ ಗುದ್ದಿದ ಹಾಗೆ ಢಬ್ ಎಂದು. ವರ್ತಕ ಎದ್ದು ಕುಳಿತ. ಶಬ್ದ ನಿಂತಿತು. ಮರುದಿನ ಮತ್ತೆ ಅದೇ ಹೊತ್ತಿಗೆ, ಅದೇ ಶಬ್ದ.

ದೇವರಂಥ ಯಂತ್ರಕ್ಕೆ ಏನೋ ಆಗಿದೆ ಎಂದು ವರ್ತಕನಿಗೆ ಊಟ ರುಚಿಸಲಿಲ್ಲ.

ಮೊದಲನೆಯ ಪ್ಲಂಬರ್ ಬಂದ. ಬಂದದ್ದು ಹನ್ನೊಂದು ಗಂಟೆಗೆ. ನಲ್ಲಿ ತಿರುಗಿಸಿದ. ಪೈಪು ಮೌನವಾಗಿತ್ತು.

"ಶಬ್ದ ಹೇಗೆ ಬರುತ್ತೆ ಯಜಮಾನ್ರೇ?"

ವರ್ತಕ ಬಾಯಲ್ಲಿ ಶಬ್ದ ಮಾಡಿ ತೋರಿಸಿದ. ಗಿರಾಕಿಗಳ ಎದುರು ಎಂದೂ ಧ್ವನಿ ಏರಿಸದ ಮನುಷ್ಯ ಬಚ್ಚಲ ಬಾಗಿಲಲ್ಲಿ ನಿಂತು ಟಕ್, ಟಕ್, ಢಬ್ ಎಂದ.

"ಢಬ್ ಒಂದು ಸಲವೋ, ಎರಡು ಸಲವೋ?"

"ಒಂದು ಸಲ."

"ಹಾಗಾದರೆ ಗಾಳಿ," ಎಂದ ಪ್ಲಂಬರ್. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆಯೆಂದು ತಾರಸಿಯ ಮೇಲೆ ಗಾಳಿ ಹೋಗಲು ಒಂದು ಕೊಳವೆ ಜೋಡಿಸಿ ಹೋದ. ಮರುದಿನ ಐದಕ್ಕೆ ಟಕ್, ಟಕ್, ಢಬ್.

ಎರಡನೆಯವನು ಬಂದದ್ದು ಮಧ್ಯಾಹ್ನ ಎರಡಕ್ಕೆ. ಅವನಿಗೂ ವರ್ತಕ ಶಬ್ದ ಮಾಡಿ ತೋರಿಸಿದ. ಬೋರ್‌ವೆಲ್ಲಿನ ಗಡಸು ನೀರು, ಟ್ಯಾಂಕಿನ ತಳದಲ್ಲಿ ಸುಣ್ಣ ಕಟ್ಟಿದೆ, ಅದು ಕದಲಿದಾಗ ಸದ್ದಾಗುತ್ತದೆ ಎಂದ. ಟ್ಯಾಂಕ್ ಬಿಚ್ಚಿ ತೊಳೆದಾಗ ನಿಜಕ್ಕೂ ಒಂದು ಬಾಂಡಲಿ ಸುಣ್ಣ ಬಂತು. ಎಲ್ಲರಿಗೂ ಸಂತೋಷವಾಯಿತು. ಮರುದಿನ ಐದಕ್ಕೆ ಟಕ್, ಟಕ್, ಢಬ್.

ವರ್ತಕನ ಹೆಂಡತಿ ಮಹಡಿಯಲ್ಲಿ ಮಲಗುವವಳು. ಅವಳಿಗೆ ಶಬ್ದ ಕೇಳಿಸುತ್ತಿರಲಿಲ್ಲ. ಅಕ್ಕನನ್ನು ಯಾರೂ ಕೇಳಲಿಲ್ಲ. ಯಂತ್ರದ ವಿಷಯ ಅಕ್ಕನಿಗೆ ಏನು ಗೊತ್ತು?

ಇದೇ ದಿನಗಳಲ್ಲಿ ವರ್ತಕ ಇನ್ನೊಂದು ಯೋಚನೆಯನ್ನೂ ಮಾಡಿದ. ಅವನು ಕೆಟ್ಟ ಮನುಷ್ಯನಲ್ಲ. ಅಕ್ಕನ ಒಳ್ಳೆಯದಕ್ಕೇ ಯೋಚಿಸಿದ. ಈಗ ಮನೆಯಲ್ಲಿ ರುಬ್ಬಲು ಯಂತ್ರವಿದೆ, ಒಗೆಯಲು ಯಂತ್ರವಿದೆ, ನೀರು ಕಾಯಿಸಲು ಯಂತ್ರವಿದೆ. ಅಕ್ಕನಿಗೆ ಇಲ್ಲಿ ಮಾಡಲು ಏನೂ ಉಳಿದಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಚಿಕ್ಕ ತಮ್ಮನ ಮನೆಯಿದೆ. ಅಲ್ಲಿ ಮಕ್ಕಳುಮರಿ ಇದ್ದಾರೆ. ಅವಳಿಗೆ ಹೊತ್ತು ಹೋಗುತ್ತದೆ. ಇಪ್ಪತ್ತು ವರ್ಷ ತಾನು ನೋಡಿಕೊಂಡದ್ದಾಯಿತು. ಇನ್ನು ಅವನೂ ನೋಡಿಕೊಳ್ಳಲಿ. ಒಮ್ಮೆ ಹೋದರೆ ಅಲ್ಲಿಯೇ ಇರಲಿ.

ಅಕ್ಕ ಕೇಳಿಸಿಕೊಂಡಳು. "ಆಗಲಪ್ಪಾ," ಎಂದಳು. ಅವಳ ಸಾಮಾನು ಒಂದೇ ಚೀಲದಲ್ಲಿ ಹಿಡಿಯಿತು. ರಂಗೋಲಿಪುಡಿಯ ಡಬ್ಬಿಯನ್ನು ಕೈಗೆತ್ತಿಕೊಂಡವಳು, ಇದು ಈ ಮನೆಯದು ಎಂದು ಮತ್ತೆ ಗೂಡಿನಲ್ಲಿಟ್ಟಳು.

ಅವಳು ಹೊರಡುವ ದಿನವೇ ಮೂರನೆಯ ಪ್ಲಂಬರ್ ಬಂದ. ಪೈಪನ್ನು ಗೋಡೆಗೆ ಹಿಡಿದಿರುವ ಕ್ಲಾಂಪುಗಳು ಸಡಿಲವಾಗಿವೆ, ಪೈಪು ಅಲುಗಾಡಿ ಸದ್ದು ಮಾಡುತ್ತಿದೆ ಎಂದು ಹೇಳಿ ಒಂದೊಂದನ್ನೂ ತಿರುಪಿ ಬಿಗಿಮಾಡತೊಡಗಿದ. ವರ್ತಕ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದ. ಅಕ್ಕ ಚೀಲ ಹಿಡಿದು ಹತ್ತಿರ ಬಂದಳು.

"ತಮ್ಮಯ್ಯಾ, ಬೆಳಿಗ್ಗೆ ನೀರು..."

"ಬಾಟಲಿಯಲ್ಲಿ ತುಂಬಿಸಿಟ್ಟಿದ್ದೇನೆ ಅಕ್ಕ. ದಾರಿಯಲ್ಲಿ ಕುಡಿ," ಎಂದ ವರ್ತಕ, ಕ್ಲಾಂಪಿನಿಂದ ಕಣ್ಣು ತೆಗೆಯದೆ. ಅಷ್ಟರಲ್ಲಿ ಆಟೋ ಬಂತು. ಅಕ್ಕ ಹೋದಳು.

ಮರುದಿನ ಐದು ಗಂಟೆಗೆ ಶಬ್ದ ಬರಲಿಲ್ಲ.

ಐದೂವರೆಗೂ ಬರಲಿಲ್ಲ. ವರ್ತಕ ಆರರವರೆಗೆ ಕಣ್ಣು ಬಿಟ್ಟುಕೊಂಡು ಆ ನಿಶ್ಶಬ್ದವನ್ನು ಕೇಳುತ್ತ ಮಲಗಿದ್ದ. ಇಂಥ ಉಪಕಾರವನ್ನು ಸುಮ್ಮನೆ ಬಿಡಬಾರದೆಂದುಕೊಂಡ. ಸ್ನಾನಕ್ಕೂ ಮೊದಲು ಅಂಗಡಿ ತೆಗೆಸಿ, ಒಳ್ಳೆಯದೊಂದು ಶಾಲು ತರಿಸಿ, ಪ್ಲಂಬರನನ್ನು ಕರೆಸಿ, ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಹೊದಿಸಿದ. ಪ್ಲಂಬರನಿಗೆ ಅದುವರೆಗೆ ಯಾರೂ ಶಾಲು ಹೊದಿಸಿರಲಿಲ್ಲ. ಅವನು ಕೂತಲ್ಲೇ ಬೆವರಿದ.

ಆಮೇಲೆ ವರ್ತಕ ಸ್ನಾನಕ್ಕೆ ಹೋದ. ಅವನ ಕೂಗು ಎದುರು ಮನೆಯವರಿಗೂ ಕೇಳಿಸಿತು.

ಮೋಡವಿರಬೇಕು ಎಂದುಕೊಂಡ. ಎರಡನೆಯ ದಿನ ಮೋಡವಿರಲಿಲ್ಲ. ನೀರು ತಣ್ಣಗೇ ಇತ್ತು. ಒಂದು ಬಕೆಟ್ಟಿನಲ್ಲಿ ನಡುಗುತ್ತ ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದ. ಮೂರನೆಯ ದಿನ ನೆಗಡಿ ಬಂತು. ಎದುರು ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ, "ಏನು, ಮರ್ಯಾದೆ ಕಡಿಮೆ ಆಯಿತಾ?" ಎಂದು ಕೇಳಿದರು. ಅಂದು ಸಂಜೆ ವರ್ತಕ ಪ್ಲಂಬರನಿಗೆ ಹೇಳಿಕಳಿಸಿದ. ಮರುದಿನ ಯಾರೂ ನಲ್ಲಿ ಮುಟ್ಟುವ ಮೊದಲು, ಬೆಳಿಗ್ಗೆಯೇ ಬರಬೇಕೆಂದು.

ಪ್ಲಂಬರ್ ಬೆಳಿಗ್ಗೆ ಆರಕ್ಕೆ ಶಾಲು ಹೊದ್ದುಕೊಂಡೇ ಬಂದ.

"ಶಬ್ದವಿದ್ದಾಗ ನೀರು ಬಿಸಿ ಇತ್ತು. ಶಬ್ದ ಹೋಯಿತು, ಬಿಸಿಯೂ ಹೋಯಿತು," ಎಂದ ವರ್ತಕ. ಇಷ್ಟು ಹೇಳುವಷ್ಟರಲ್ಲಿ ನಾಲ್ಕು ಸಲ ಸೀನಿದ.

ಪ್ಲಂಬರ್ ತಾರಸಿ ಹತ್ತಿ ಟ್ಯಾಂಕಿಗೆ ಕೈ ಇಟ್ಟು ತಟ್ಟನೆ ತೆಗೆದ. ನೀರು ಅಲ್ಲಿ ಕುದಿಯುವಂತಿತ್ತು. ಕೆಳಗೆ ಬರುತ್ತ ಪೈಪಿನ ಜೊತೆಗೇ ಬಂದ. ತಾರಸಿಯಿಂದ ಇಳಿದು, ಅಡುಗೆಮನೆ ಬಳಸಿ, ಅಕ್ಕನ ಕೋಣೆಯ, ವರ್ತಕನ ಕೋಣೆಯ ಗೋಡೆ ಹಿಡಿದು ಬಚ್ಚಲಿಗೆ ಬರುವಷ್ಟರಲ್ಲಿ ನೂರು ಅಡಿ. ಕಬ್ಬಿಣ ಇಬ್ಬನಿಯಂತೆ ತಣ್ಣಗಿತ್ತು. ಅವನು ಬಚ್ಚಲಿಗೆ ಬಂದು ನಲ್ಲಿ ತಿರುಗಿಸಿ ಬಕೆಟ್ ಇಟ್ಟ. ಮೊದಲ ಬಕೆಟ್ ತಣ್ಣೀರು. ಅದನ್ನು ಸರಿಸಿ ಇನ್ನೊಂದು ಇಟ್ಟ. ಎರಡನೆಯದು ತುಂಬುತ್ತ ಬಂದ ಹಾಗೆ ಉಗುರುಬೆಚ್ಚಗಾಯಿತು. ಮೂರನೆಯದಕ್ಕೆ ಬಿಸಿನೀರು ಹೊಗೆಯಾಡುತ್ತ ಬಂತು. ಆಗ ಗೋಡೆಯ ಮೇಲೆ ಟಕ್ ಎಂದಿತು. ಟಕ್, ಟಕ್. ಆಮೇಲೆ ಎಂದಿಗಿಂತಲೂ ಜೋರಾಗಿ, ಢಬ್.

"ಅದೇ! ಅದೇ ಶಬ್ದ!" ಎಂದ ವರ್ತಕ. ಕಳೆದುಹೋದ ದನದ ಗಂಟೆ ಕೇಳಿದವನ ಹಾಗೆ ಅವನ ಮುಖ ಅರಳಿತು.

ಪ್ಲಂಬರ್ ನಲ್ಲಿ ನಿಲ್ಲಿಸಿದ. "ತಣ್ಣಗಿರುವ ಪೈಪಿಗೆ ಬಿಸಿನೀರು ಬಂದರೆ ಪೈಪು ಹಿಗ್ಗುತ್ತೆ ಯಜಮಾನ್ರೇ. ಹಿಗ್ಗಲು ಕ್ಲಾಂಪು ಬಿಡೋಲ್ಲ. ಕಿತ್ತಾಡುವಾಗ ಸದ್ದು. ನಾನು ಬಿಗಿಮಾಡಿ ಇನ್ನೂ ಹೆಚ್ಚು ಮಾಡಿದೀನಿ. ಕಾಯಿಲೆ ಏನೂ ಇಲ್ಲ."

"ಮತ್ತೆ ಇಷ್ಟು ವರ್ಷ ನನಗೆ ಮೊದಲೇ ಬಿಸಿನೀರು ಬರುತ್ತಿತ್ತಲ್ಲ?"

ಪ್ಲಂಬರ್ ಎರಡು ತಣ್ಣನೆಯ ಬಕೆಟ್‌ಗಳನ್ನು ನೋಡಿದ. ತೆರೆದ ಬಾಗಿಲಾಚೆ ಒಣಗಿದ ಅಂಗಳ ನೋಡಿದ. ಅಲ್ಲಿ ನಾಲ್ಕು ದಿನದ ಹಿಂದಿನ ರಂಗೋಲಿ ಕಾಲಿಗೆ ಸಿಕ್ಕಿ ಅಳಿಸಿಹೋಗಿತ್ತು.

"ಯಜಮಾನ್ರೇ," ಎಂದ ಮೆಲ್ಲಗೆ, "ಈ ನಾಲ್ಕು ದಿನದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಕಡಿಮೆಯಾಗಿದ್ದಾರಾ?"

ವರ್ತಕ ತಿರುಗಿ ಅಂಗಳದ ಕಡೆ ನೋಡಿದ. ಅವನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಅತ್ತಿಗೆ ಅಂಗಳಕ್ಕೆ ನೀರು ಒಯ್ಯುತ್ತಿದ್ದುದು ಈ ನಲ್ಲಿಯಿಂದಲೇ," ಎಂದಳು. "ಬಾಗಿಲ ಹತ್ತಿರವೇ ಇನ್ನೊಂದು ನಲ್ಲಿ ಇದೆಯಲ್ಲ, ಯಾಕೆ ಇಲ್ಲಿಂದ ಹೊರುತ್ತೀರಿ ಅಂತ ಒಂದು ಸಲ ಕೇಳಿದ್ದೆ. ಅಭ್ಯಾಸ ಅಂದಿದ್ದರು."

ಪ್ಲಂಬರ್ ಶಾಲು ತೆಗೆದ. ನಾಲ್ಕು ಮಡಿಕೆ ಮಾಡಿ ನಡುಮನೆಯ ಕುರ್ಚಿಯ ಮೇಲಿಟ್ಟ. "ಇದು ನನಗೆ ಸಲ್ಲಬೇಕಾದ್ದಲ್ಲ," ಎಂದ. ಕ್ಲಾಂಪುಗಳನ್ನು ಸಡಿಲಿಸಿ ಕೊಡುತ್ತೇನೆ, ಇನ್ನು ಮೇಲೆ ಸದ್ದಾಗದು ಎಂದ. ವರ್ತಕ, "ಇವತ್ತು ಬೇಡ," ಎಂದು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ನಡೆದ. ಅಂದು ಅವನು ಸ್ನಾನ ಮಾಡಲಿಲ್ಲ. ಅಂಗಡಿಯ ಬಾಗಿಲನ್ನೂ ತೆಗೆಯಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ಒಂದು ಲೆಕ್ಕ ಹಾಕಿದ. ದಿನಕ್ಕೆ ಎರಡು ಬಕೆಟ್. ಆರು ವರ್ಷ. ಬಟ್ಟೆಯಾದರೆ ಅವನು ಮನಸ್ಸಿನಲ್ಲೇ ಗಜ ಎಣಿಸಿ ಹೇಳಬಲ್ಲವನು. ಈ ಲೆಕ್ಕ ಅರ್ಧಕ್ಕೇ ನಿಂತಿತು. ಆಯುಧಪೂಜೆಗೆ ಹಾರ ಎತ್ತಿಕೊಡುತ್ತಿದ್ದ ಕೈ ನೆನಪಾಗಿ, ಮುಂದಿನದು ಕಾಣಲಿಲ್ಲ.

ಚಿಕ್ಕ ತಮ್ಮ ಬಾಗಿಲಲ್ಲೇ ಎದುರುಗೊಂಡ. ತುಂಬ ಉತ್ಸಾಹದಲ್ಲಿದ್ದ. "ಅಣ್ಣಾ, ಒಳ್ಳೇ ಸಮಯಕ್ಕೆ ಬಂದೆ. ನಮ್ಮ ಮನೆ ಸೋಲಾರ್ ಸರಿಹೋಗಿಬಿಟ್ಟಿದೆ! ಮೂರು ವರ್ಷ ಕಾಟ ಕೊಟ್ಟಿತ್ತು. ಈಗ ಮೂರು ದಿನದಿಂದ ನಲ್ಲಿ ತಿರುಗಿಸಿದ ತಕ್ಷಣ ಬಿಸಿ. ಬೆಳಿಗ್ಗೆ ಮಾತ್ರ ಗೋಡೆಯಲ್ಲಿ ಏನೋ ಟಕ್ ಟಕ್ ಅನ್ನುತ್ತೆ. ಪ್ಲಂಬರನಿಗೆ ಹೇಳಿದೀನಿ."

ವರ್ತಕ ಅವನನ್ನು ದಾಟಿ ಒಳಗೆ ಹೋದ. ಅಕ್ಕ ಹಿತ್ತಲಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಅವಳ ಎದುರು, ನೋಯುವ ಮಂಡಿಯನ್ನು ಮಡಚಿ, ನೆಲದ ಮೇಲೆಯೇ ಕುಳಿತ.

"ಯಾಕಕ್ಕಾ ಹೇಳಲಿಲ್ಲ?"

ಏನು ಹೇಳಲಿಲ್ಲವೆಂದು ಅಕ್ಕ ಕೇಳಲಿಲ್ಲ. ಅವನ ಕೆಂಪಾದ ಮೂಗು ನೋಡಿಯೇ ಅವಳಿಗೆ ತಿಳಿಯಿತು. "ಹೊರಡುವಾಗ ಹೇಳೋಕೆ ಬಂದೆ. ನೀನು ಬಾಟಲಿ ಕೊಟ್ಟೆ."

"ಅದಕ್ಕೂ ಮೊದಲು? ಆರು ವರ್ಷ?"

"ಹೇಳುವಂಥದ್ದು ಏನಿತ್ತೋ? ಅಂಗಳಕ್ಕೆ ಹೇಗೂ ಎರಡು ಬಕೆಟ್ ಬೇಕು. ಅದಕ್ಕೆ ತಣ್ಣೀರಾದರೆ ಏನು? ನೀನು ಚಿಕ್ಕಂದಿನಿಂದ ತಣ್ಣೀರು ಬಿದ್ದರೆ ಊರು ಒಂದಾಗುವ ಹಾಗೆ ಕೂಗೋನು." ಅಕ್ಕ ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ನೀನು ಆ ಟ್ಯಾಂಕಿಗೆ ಅಷ್ಟು ಖುಷಿಯಿಂದ ಹಾರ ಹಾಕುತ್ತಿದ್ದೆ. ಅದನ್ನು ಯಾಕೆ ಕೆಡಿಸಲಿ ಅನ್ನಿಸಿತು."

ವರ್ತಕ ಕೈ ಮುಗಿಯಲು ಹೋದ. ಅಕ್ಕ ಅವನ ಕೈಗೆ ಒಂದು ಹಿಡಿ ಅವರೆಕಾಯಿ ತುಂಬಿದಳು. "ಸುಮ್ಮನೆ ಕೂತಿದೀಯಲ್ಲ, ಬಿಡಿಸು," ಎಂದಳು.

ಅವನು ಬಿಡಿಸಿದ. ಮೊರ ತುಂಬಿತು. ಕೊನೆಗೆ ವರ್ತಕ, "ಮನೆಗೆ ಬಾ ಅಕ್ಕಾ," ಎಂದ. "ಬಿಸಿನೀರಿಗಲ್ಲ. ನೀರು ಬಿಡುವುದು ಹೇಗೆ ಅಂತ ಈಗ ನನಗೆ ಗೊತ್ತಾಗಿದೆ. ನೀನು ಬಾ, ಅಷ್ಟೇ."

ಅಕ್ಕ ಚೀಲ ತರಲು ಎದ್ದಳು. ಚಿಕ್ಕ ತಮ್ಮನಿಗೆ ಇಬ್ಬರೂ ವಿಷಯ ಬಿಡಿಸಿ ಹೇಳಿದರು. ಅವನು ಪ್ಲಂಬರನಿಗೆ ಬರಬೇಡವೆಂದು ಹೇಳಿಕಳಿಸಿದ. ತನಗೆ ಸಿಕ್ಕ ಮೂರು ದಿನದ ಬಿಸಿನೀರಿಗಾಗಿ ಅಕ್ಕನಿಗೆ ನಮಸ್ಕಾರ ಮಾಡಿ ಬಸ್ ಹತ್ತಿಸಿದ.

ಅಂದಿನಿಂದ ಆ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವನು ವರ್ತಕ. ಎರಡು ಬಕೆಟ್ ತಣ್ಣೀರನ್ನು ಹಿಡಿದು, ಕುಂಟುತ್ತ ಒಯ್ದು, ಅಂಗಳಕ್ಕೆ ಹಾಕುತ್ತಿದ್ದ. ನೀರು ಒಂದು ಕಡೆ ಕೆರೆಯಾಗಿ ಇನ್ನೊಂದು ಕಡೆ ಒಣಗಿರುತ್ತಿತ್ತು. ಅಕ್ಕ ರಂಗೋಲಿಯನ್ನು ಜಾಗ ನೋಡಿಕೊಂಡು ಬಿಡುತ್ತಿದ್ದಳು. ಮೊದಲ ಬಿಸಿನೀರಿನ ಸ್ನಾನ ಅವಳದು. ಪ್ಲಂಬರ್ ಬಂದು ಕ್ಲಾಂಪುಗಳನ್ನೆಲ್ಲ ಸಡಿಲಿಸಿದ. ಅಕ್ಕನ ಕೋಣೆಯ ಗೋಡೆಯ ಮೇಲಿದ್ದ ಒಂದನ್ನು ಮಾತ್ರ, ಅವಳೇ ಬೇಡವೆಂದದ್ದರಿಂದ, ಹಾಗೆಯೇ ಬಿಟ್ಟ. ಐದು ಗಂಟೆಗೆ ಅದು ಟಕ್ ಎಂದಾಗ ಅವಳು ಹಾಸಿಗೆಯಲ್ಲೇ ಕಣ್ಣು ಬಿಟ್ಟು, ತಮ್ಮ ಎದ್ದ ಎಂದುಕೊಂಡು, ಇನ್ನೈದು ನಿಮಿಷ ಮಲಗಿರುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳಿಗೆ ಆ ಐದು ನಿಮಿಷ ಸಿಕ್ಕಿರಲಿಲ್ಲ.

ಆ ವರ್ಷದ ಆಯುಧಪೂಜೆಯಲ್ಲಿ ಟ್ಯಾಂಕಿಗೂ ಹಾರ ಬಿತ್ತು. ಅದರದೂ ಕೆಲಸವಿತ್ತಲ್ಲ. ಆದರೆ ಮೊದಲ ಕುಂಕುಮ ಎರಡು ಹಳೆಯ ಬಕೆಟ್‌ಗಳಿಗೆ ಸಂದಿತು. ಶಾಲು ಅಕ್ಕನ ಹೆಗಲೇರಿತು. "ಇದೇನೋ, ನಾನೇನು ರಿಟೈರ್ ಆದೆನಾ?" ಎಂದು ಅವಳು ಬೈದಳು. ಆದರೆ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರಿದೇವ ತಲೆಯಾಡಿಸಿದ. "ಕತೆ ಚೆನ್ನಾಗಿದೆ ಬುದ್ಧಿ," ಎಂದ. "ಆದರೆ ಆ ವರ್ತಕನಿಗೆ ಒಬ್ಬ ಅಕ್ಕ ಇದ್ದಳು. ನನಗೆ ಇಲ್ಲಿ ಯಾರಿದ್ದಾರೆ?"

"ಉಗ್ರಾಣದವನ ಕೈಲಿ ಹೇಳಿಕಳಿಸಿದ್ದೇನೆ," ಎಂದರು ಗುರುಗಳು, "ನಾಳೆಯಿಂದ ಪುಟ್ಟನಂಜಮ್ಮ ಕೊಡಪಾನವನ್ನು ನಿನ್ನ ಕಿಟಕಿಯ ಕೆಳಗೆ ಇಡುವುದಿಲ್ಲ."

ಮರಿದೇವ ಅಡ್ಡಬಿದ್ದು ತನ್ನ ಕೋಣೆಗೆ ಹೋದ.

ಮರುದಿನ ಅವನು ಎದ್ದದ್ದು ಏಳೂಕಾಲಿಗೆ. ಮಧ್ಯಾಹ್ನದ ಪಂಕ್ತಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಕುಳಿತು ಕೈ ಮುಗಿದನೆಂದು ಸಾರು ಬಡಿಸುವವನು ಉಗ್ರಾಣದವನಿಗೆ ಹೇಳಿದ.